ಒಂದೆಡೆ ನಿಲ್ಲಬೇಕಾದ ಡ್ರೋನ್ ಸುತ್ತು ಹೊಡೆಯುತ್ತಿದೆ: ಕಾಂಪಾಸ್ ಕ್ಯಾಲಿಬ್ರೇಷನ್ ಪ್ರತಿ ಸಲವೂ ಬೇಕೇ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ಬಳಸುತ್ತಿರುವುದು ನಾಲ್ಕು ಮೋಟಾರ್‌ಗಳ, ಹಾರುವಾಗ ಒಟ್ಟು ಸುಮಾರು 5 ಕಿಲೋ ತೂಗುವ ಡ್ರೋನ್. 15 ಇಂಚಿನ ಕಾರ್ಬನ್ ಪ್ರೊಪೆಲ್ಲರ್‌ಗಳು, ಆರು ಸೆಲ್‌ಗಳ 16000 ಎಂಎಎಚ್ (ಮಿಲಿಆಂಪಿಯರ್ ಅವರ್) ಸಾಮರ್ಥ್ಯದ ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿ ಮತ್ತು ಆರ್ಡುಪೈಲಟ್ ಎಂಬ ಹಾರಾಟದ ತಂತ್ರಾಂಶ ಹಾಕಿರುವ ಪಿಕ್ಸ್‌ಹಾಕ್ ಮಾದರಿಯ ಫ್ಲೈಟ್ ಕಂಟ್ರೋಲರ್ (ಡ್ರೋನನ್ನು ನಿಯಂತ್ರಿಸುವ ಪುಟ್ಟ ಕಂಪ್ಯೂಟರ್) ಇದರಲ್ಲಿವೆ. ಜಿಪಿಎಸ್ ಮತ್ತು ಕಾಂಪಾಸ್ ಎರಡೂ ಒಂದೇ ಡಬ್ಬಿಯೊಳಗಿದ್ದು, ಆ ಡಬ್ಬಿ ಮೇಲಿನ ಫಲಕದಿಂದ ಎದ್ದ ಚಿಕ್ಕ ಕಂಬದ ತುದಿಯಲ್ಲಿ ಕೂತಿದೆ. ನೆಲದ ನಕ್ಷೆಗೆ ಬೇಕಾದ ಚಿತ್ರಗಳನ್ನು ತೆಗೆಯುವುದು ಇದರ ಕೆಲಸ.

ಇತ್ತೀಚೆಗೆ ಮೊದಲಿಗಿಂತ ಭಾರವಾದ ಕ್ಯಾಮೆರಾವನ್ನು ಮುಂಭಾಗಕ್ಕೆ ಕೂರಿಸಿ, ತೂಕ ಸರಿದೂಗಲೆಂದು ಬ್ಯಾಟರಿಯನ್ನು ಹಿಂದಕ್ಕೆ ಸರಿಸಲಾಯಿತು. ಅಲ್ಲಿಂದೀಚೆಗೆ, ಜಿಪಿಎಸ್ ನೆರವಿನಿಂದ ಒಂದೆಡೆ ನಿಲ್ಲಿಸುವ ಲಾಯಿಟರ್ ಮೋಡ್‌ನಲ್ಲಿ ಡ್ರೋನ್ ಒಂದೇ ಜಾಗದಲ್ಲಿ ನಿಲ್ಲುವ ಬದಲು ನಿಧಾನವಾಗಿ ವೃತ್ತಾಕಾರವಾಗಿ ಸುತ್ತಲು ತೊಡಗುತ್ತದೆ. ಗಾಳಿ ಜೋರಾದಾಗ ಆ ವೃತ್ತ ಹಿಗ್ಗುತ್ತಾ ಹೋಗುತ್ತದೆ, ಕೈಯಿಂದ ಹಿಡಿತಕ್ಕೆ ತೆಗೆದುಕೊಳ್ಳದಿದ್ದರೆ ಎಲ್ಲಿಗೆ ಹೋಗಿ ಮುಟ್ಟುತ್ತದೋ ತಿಳಿಯದು. ಕಾಂಪಾಸ್ ಕ್ಯಾಲಿಬ್ರೇಷನ್ (ದಿಕ್ಸೂಚಿಯ ಅಳತೆಯನ್ನು ಸರಿಹೊಂದಿಸುವುದು) ಮತ್ತೊಮ್ಮೆ ಮಾಡಿದರೆ ಎಚ್ಚರಿಕೆಯ ಸಂದೇಶ ಮಾಯವಾಗುತ್ತದೆ, ಒಂದೆರಡು ಹಾರಾಟಗಳಲ್ಲಿ ಸರಿಯಾದಂತೆಯೂ ಕಾಣುತ್ತದೆ, ಆಮೇಲೆ ಮತ್ತದೇ ಕಥೆ. ಹೀಗಾಗಿ ಪ್ರತಿ ಹಾರಾಟಕ್ಕೂ ಮುನ್ನ ಕ್ಯಾಲಿಬ್ರೇಷನ್ ಮಾಡುವುದೇ ಸರಿಯಾದ ಪದ್ಧತಿಯೋ, ಅಥವಾ ಬೇರೇನಾದರೂ ಕೆಟ್ಟಿದೆಯೋ ಎಂಬುದು ನನ್ನ ಮೊದಲ ಪ್ರಶ್ನೆ.

ಎರಡನೆಯದು ಬ್ಯಾಟರಿಯ ಕುರಿತು. ಪರದೆಯಲ್ಲಿ ಇನ್ನೂ ಶೇಕಡಾ 30ರಷ್ಟು ಉಳಿದಿದೆ ಎಂದು ತೋರಿಸುತ್ತಿರುವಾಗಲೇ, ಸ್ವಲ್ಪ ಎತ್ತರಕ್ಕೆ ಏರಿಸಿದರೆ ಕಡಿಮೆ ವೋಲ್ಟೇಜಿನ ಎಚ್ಚರಿಕೆ ಕೂಗುತ್ತದೆ. ನನ್ನಲ್ಲಿರುವ ಎರಡು ಬ್ಯಾಟರಿಗಳ ಪೈಕಿ ಹಳೆಯದರಲ್ಲಿ ಇದು ಹೆಚ್ಚು. ಇದರಲ್ಲಿ ಯಾವ ಅಂಕಿಯನ್ನು ನಂಬಬೇಕು?

ಕೊನೆಯದಾಗಿ, ಈ ಗಾತ್ರದ ಡ್ರೋನಿಗೆ ನಿಯಮಿತವಾಗಿ ಏನೇನು ನೋಡಿಕೊಳ್ಳಬೇಕು ಎಂಬುದನ್ನು ಅನುಭವಿಗಳು ತಿಳಿಸಿದರೆ ಉಪಕಾರವಾಗುತ್ತದೆ. ಈಚೆಗೆ ಗಾಳಿಯಲ್ಲಿ ಇಳಿಯುವಾಗ ಒಂದು ಕಾಲು ನೆಲಕ್ಕೆ ಬಲವಾಗಿ ಬಡಿದಿತ್ತು. ಹೊರನೋಟಕ್ಕೆ ಯಾವ ಬಿರುಕೂ ಕಾಣುತ್ತಿಲ್ಲ.

ಮೊದಲ ಉತ್ತರ

ನೀವು ವಿವರಿಸಿರುವ ಸುತ್ತಾಟದ ಹಿಂದೆ ಬಹುಮಟ್ಟಿಗೆ ಒಂದೇ ಕಾರಣ ಇರುತ್ತದೆ: ತನ್ನ ಮೂತಿ ಯಾವ ದಿಕ್ಕಿಗಿದೆ ಎಂಬುದರ ಬಗ್ಗೆ ಡ್ರೋನಿಗೆ ಇರುವ ಲೆಕ್ಕ ತಪ್ಪಾಗಿದೆ. ತಾನು ನಿಗದಿತ ಜಾಗದಿಂದ ಒಂದು ಮೀಟರ್ ಪೂರ್ವಕ್ಕೆ ಸರಿದಿದ್ದೇನೆ ಎಂದು ಜಿಪಿಎಸ್ ಹೇಳಿದಾಗ ಅದು ಪಶ್ಚಿಮಕ್ಕೆ ವಾಲಬೇಕು. ಮೂತಿಯ ದಿಕ್ಕಿನಲ್ಲಿ 30 ಡಿಗ್ರಿ ತಪ್ಪಿದ್ದರೆ, ಅದು ಪಶ್ಚಿಮವೆಂದು ತಿಳಿದು ವಾಲುವ ದಿಕ್ಕೂ ಅಷ್ಟೇ ಡಿಗ್ರಿ ಓರೆಯಾಗಿರುತ್ತದೆ. ಹೀಗೆ ಪ್ರತಿ ತಿದ್ದುಪಡಿಯೂ ಸ್ವಲ್ಪ ಪಕ್ಕಕ್ಕೆ ತಳ್ಳುವುದರಿಂದ ನೇರ ಗೆರೆಯಲ್ಲಿ ಹಿಂದಿರುಗಬೇಕಾದದ್ದು ಬಾಗಿದ ದಾರಿ ಹಿಡಿಯುತ್ತದೆ, ಅದೇ ವೃತ್ತವಾಗುತ್ತದೆ. ತಪ್ಪು 90 ಡಿಗ್ರಿಯಾದರೆ ತಿದ್ದುಪಡಿ ಪೂರ್ತಿ ಅಡ್ಡಲಾಗಿಬಿಡುತ್ತದೆ. ಅದಕ್ಕೂ ಮೀರಿದರೆ ತಿದ್ದಿದಷ್ಟೂ ದೂರ ಓಡುತ್ತದೆ.

ಕ್ಯಾಲಿಬ್ರೇಷನ್ ಮಾಡಿದರೂ ಇದು ಏಕೆ ಮರಳಿ ಬರುತ್ತದೆ ಎಂಬುದು ಇಲ್ಲಿ ಮುಖ್ಯವಾದ ಸಂಗತಿ. ಡ್ರೋನನ್ನು ಕೈಯಲ್ಲಿ ಹಿಡಿದು ಎಲ್ಲ ಕಡೆಗೂ ತಿರುಗಿಸುವಾಗ ಮೋಟಾರ್‌ಗಳು ನಿಂತಿರುತ್ತವೆ, ಆದ್ದರಿಂದ ಮುಖ್ಯ ತಂತಿಗಳಲ್ಲಿ ಹೇಳಿಕೊಳ್ಳುವಷ್ಟು ಕರೆಂಟ್ ಇರುವುದಿಲ್ಲ. ಚೌಕಟ್ಟಿನಲ್ಲಿರುವ ಉಕ್ಕಿನ ತಿರುಪು, ಮೋಟಾರಿನ ಅಯಸ್ಕಾಂತ ಮುಂತಾಗಿ ಡ್ರೋನಿನ ಜೊತೆಗೇ ತಿರುಗುವ, ಬದಲಾಗದ ಪ್ರಭಾವಗಳನ್ನು ಮಾತ್ರ ಆ ಕ್ಯಾಲಿಬ್ರೇಷನ್ ಅಳೆದು ಕಳೆಯುತ್ತದೆ. ಹಾರಾಟಕ್ಕೆ ಹೋದ ಕೂಡಲೇ ತಂತಿಗಳಲ್ಲಿ ಹತ್ತಾರು ಆಂಪಿಯರ್ ಹರಿಯತೊಡಗಿ, ಅಳತೆಯ ಹೊತ್ತಿನಲ್ಲಿ ಇಲ್ಲದಿದ್ದ ಒಂದು ಹೊಸ ಕಾಂತಕ್ಷೇತ್ರ ಹುಟ್ಟುತ್ತದೆ. ನೀವು ನೂರು ಬಾರಿ ಕ್ಯಾಲಿಬ್ರೇಷನ್ ಮಾಡಿದರೂ ಅದು ಅಳತೆಗೆ ಸಿಗುವುದಿಲ್ಲ.

ಇದರ ಪ್ರಮಾಣ ಎಷ್ಟೆಂದು ಲೆಕ್ಕ ಹಾಕಿ ನೋಡಿ. ಭೂಮಿಯ ಕಾಂತಕ್ಷೇತ್ರ ಜಾಗಕ್ಕೆ ತಕ್ಕಂತೆ ಸುಮಾರು 25ರಿಂದ 65 ಮೈಕ್ರೋಟೆಸ್ಲಾ ಇರುತ್ತದೆ. ನಿಮ್ಮ ತೂಕದ ಡ್ರೋನ್ ಗಾಳಿಯಲ್ಲಿ ನಿಲ್ಲಲು ಅಂದಾಜು 35 ಆಂಪಿಯರ್ ಬೇಕೆಂದುಕೊಳ್ಳೋಣ. ಆ ಕರೆಂಟ್ ಹರಿಯುವ ಒಂಟಿ ತಂತಿಯಿಂದ 10 ಸೆಂಟಿಮೀಟರ್ ದೂರದಲ್ಲಿ 70 ಮೈಕ್ರೋಟೆಸ್ಲಾ ಕ್ಷೇತ್ರ ಇರುತ್ತದೆ, ಅಂದರೆ ಭೂಮಿಯದಕ್ಕಿಂತ ಹೆಚ್ಚು. ಕೆಂಪು ಮತ್ತು ಕಪ್ಪು ತಂತಿಗಳು ಒಂದಕ್ಕೊಂದು ಅಂಟಿಕೊಂಡು ಸಾಗಿದರೆ ಎರಡರ ಕರೆಂಟ್ ಎದುರುಬದುರು ದಿಕ್ಕಿನದಾದ್ದರಿಂದ ಕ್ಷೇತ್ರಗಳು ಒಂದನ್ನೊಂದು ಬಹುಪಾಲು ಅಳಿಸಿಹಾಕುತ್ತವೆ. ತಂತಿಗಳು ಬೇರೆ ಬೇರೆ ದಾರಿ ಹಿಡಿದರೆ ಆ ಅನುಕೂಲ ಹೋಯಿತು. ಬ್ಯಾಟರಿಯನ್ನು ಹಿಂದಕ್ಕೆ ಸರಿಸಿದಾಗ ತಂತಿಗಳ ದಾರಿ ಬದಲಾಗಿರಲೇಬೇಕು. ಅವು ಈಗ ಕಂಬದ ಆಸುಪಾಸಿನಲ್ಲಿ ಹೇಗೆ ಹಾದುಹೋಗಿವೆ ಎಂಬುದನ್ನು ಮೊದಲು ನೋಡಿ.

ಊಹೆಯ ಮೇಲೆ ಬಿಚ್ಚುವುದಕ್ಕಿಂತ ಎರಡು ಪರೀಕ್ಷೆ ಮಾಡಿಕೊಳ್ಳುವುದು ಒಳ್ಳೆಯದು. ಬಯಲಿನಲ್ಲಿ, ಜನರಿಲ್ಲದ ಕಡೆ, ಸಾಕಷ್ಟು ಎತ್ತರದಲ್ಲಿ ಡ್ರೋನನ್ನು ನಿಲ್ಲಿಸಿ, ಮೂತಿಯನ್ನು ಉತ್ತರ, ಪೂರ್ವ, ದಕ್ಷಿಣ, ಪಶ್ಚಿಮ ಎಂದು ಒಂದೊಂದು ದಿಕ್ಕಿಗೂ ತಿರುಗಿಸಿ ಸ್ವಲ್ಪ ಹೊತ್ತು ಕಾದು ನೋಡಿ. ತಂತಿಯಿಂದ ಹುಟ್ಟಿದ ಕ್ಷೇತ್ರ ಡ್ರೋನಿನ ಮೈಗೆ ಅಂಟಿಕೊಂಡಿರುವುದರಿಂದ ಅದರ ಪರಿಣಾಮ ಎಲ್ಲ ದಿಕ್ಕಿಗೂ ಒಂದೇ ಆಗಿರುವುದಿಲ್ಲ: ಅದು ಡ್ರೋನಿನ ಎಡಬಲಕ್ಕೆ ಎಳೆಯುತ್ತಿದ್ದರೆ ಮೂತಿ ಉತ್ತರ ದಕ್ಷಿಣಕ್ಕಿದ್ದಾಗ ತಪ್ಪು ಹೆಚ್ಚು, ಹಿಂದುಮುಂದಕ್ಕೆ ಎಳೆಯುತ್ತಿದ್ದರೆ ಪೂರ್ವ ಪಶ್ಚಿಮಕ್ಕಿದ್ದಾಗ ಹೆಚ್ಚು. ಎಲ್ಲ ದಿಕ್ಕಿನಲ್ಲೂ ಒಂದೇ ಸಮನೆ ಸುತ್ತಿದರೆ, ಕಾಂಪಾಸಿನ ಡಬ್ಬಿಯೇ ಕಂಬದ ಮೇಲೆ ತಿರುಗಿ ಕೂತಿರುವ ಸಂಭವವಿದೆ.

ಎರಡನೆಯ ಪರೀಕ್ಷೆ, ಹಾರಾಟದ ಅಂಕಿಗಳು ದಾಖಲಾಗುವ ಲಾಗ್‌ನಲ್ಲಿ ಸಿಗುತ್ತದೆ. ಕಾಂಪಾಸಿನ ಮೂರೂ ಅಕ್ಷಗಳನ್ನು ಸೇರಿಸಿ ಬರುವ ಒಟ್ಟು ಕ್ಷೇತ್ರದ ಗೆರೆಯನ್ನೂ ಬ್ಯಾಟರಿಯ ಕರೆಂಟಿನ ಗೆರೆಯನ್ನೂ ಒಂದೇ ನಕ್ಷೆಯಲ್ಲಿ ಎಳೆದು ನೋಡಿ. ಕರೆಂಟ್ ಏರಿದಾಗಲೆಲ್ಲ ಕ್ಷೇತ್ರವೂ ಏರುತ್ತಿದ್ದರೆ ಅಥವಾ ಇಳಿಯುತ್ತಿದ್ದರೆ ಬೇರೆ ಸಾಕ್ಷಿ ಬೇಡ. ಆದರೆ ಒಂದು ಎಚ್ಚರ ಇರಲಿ: ಕ್ಷೇತ್ರದ ಒಟ್ಟು ಪ್ರಮಾಣ ಅಷ್ಟಾಗಿ ಬದಲಾಗದೆ ಅದರ ದಿಕ್ಕು ಮಾತ್ರ ಬದಲಾಗುವುದೂ ಉಂಟು, ಹಾಗಾಗಿ ಗೆರೆ ಚಪ್ಪಟೆಯಾಗಿದ್ದ ಮಾತ್ರಕ್ಕೆ ಕಾಂಪಾಸ್ ನಿರ್ದೋಷಿ ಎಂದು ತೀರ್ಮಾನಿಸಬೇಡಿ.

ಎರಡನೆಯ ಉತ್ತರ

ಮೇಲಿನ ವಿವರಣೆಯನ್ನು ಒಪ್ಪುತ್ತೇನೆ. ಆದರೂ ಹೊಸ ಜಾಗಕ್ಕೆ ಹೋದಾಗಲೆಲ್ಲ ಕಾಂಪಾಸ್ ಕ್ಯಾಲಿಬ್ರೇಷನ್ ಮಾಡಿಕೊಂಡೇ ಹಾರಿಸುವುದು ಕ್ಷೇಮ ಎಂಬುದು ನನ್ನ ಅಭಿಪ್ರಾಯ. ಒಂದೊಂದು ಜಾಗದಲ್ಲಿ ಭೂಮಿಯ ಕಾಂತಕ್ಷೇತ್ರ ಒಂದೊಂದು ಬಗೆಯಾಗಿರುತ್ತದೆ, ಕಾಂತೀಯ ಉತ್ತರಕ್ಕೂ ನಿಜವಾದ ಉತ್ತರಕ್ಕೂ ಇರುವ ಅಂತರವೂ ಬದಲಾಗುತ್ತದೆ. ಕೆಲವೇ ನಿಮಿಷಗಳ ಕೆಲಸಕ್ಕೆ ಹಿಂಜರಿದು ಡ್ರೋನನ್ನು ಅಪಾಯಕ್ಕೆ ಒಡ್ಡುವುದು ಸರಿಯಲ್ಲ.

ಮೂರನೆಯ ಉತ್ತರ

ಎರಡನೆಯ ಉತ್ತರದಲ್ಲಿರುವ ಕಾಳಜಿ ನನಗೆ ಅರ್ಥವಾಗುತ್ತದೆ, ಆದರೆ ಆ ಪದ್ಧತಿಯನ್ನು ನಾನು ಒಪ್ಪಲಾರೆ. ಕಾಂತೀಯ ಉತ್ತರ ಮತ್ತು ನಿಜವಾದ ಉತ್ತರದ ನಡುವಿನ ಅಂತರವನ್ನು ಆರ್ಡುಪೈಲಟ್ ತನ್ನೊಳಗೇ ಇರುವ ಜಾಗತಿಕ ಕಾಂತಕ್ಷೇತ್ರದ ಮಾದರಿಯಿಂದ, ಜಿಪಿಎಸ್ ಹೇಳುವ ಸ್ಥಳಕ್ಕೆ ತಕ್ಕಂತೆ ತಾನೇ ಲೆಕ್ಕ ಹಾಕಿಕೊಳ್ಳುತ್ತದೆ. ಜಾಗ ಬದಲಾಯಿತೆಂಬ ಒಂದೇ ಕಾರಣಕ್ಕೆ ಕ್ಯಾಲಿಬ್ರೇಷನ್ ಬೇಕಾಗುವುದಿಲ್ಲ. ಡ್ರೋನಿನಲ್ಲಿ ಏನಾದರೂ ಬದಲಾದಾಗ ಬೇಕಾಗುತ್ತದೆ: ಹೊಸ ಕ್ಯಾಮೆರಾ, ಸ್ಥಳಾಂತರಗೊಂಡ ಬ್ಯಾಟರಿ, ಹೊಸ ಮೋಟಾರ್, ಬದಲಾದ ತಂತಿಯ ದಾರಿ, ಕಂಬ ಬಾಗುವಂಥ ಪೆಟ್ಟು. ಪ್ರತಿ ಜಾಗದಲ್ಲೂ ಮಾಡುವುದರಿಂದ ನಷ್ಟವೇನು ಎಂದರೆ, ಎಲ್ಲ ಜಾಗಗಳೂ ಅದಕ್ಕೆ ಯೋಗ್ಯವಾಗಿರುವುದಿಲ್ಲ. ಕಾಂಕ್ರೀಟಿನೊಳಗಿನ ಕಬ್ಬಿಣದ ಸರಳು, ಪಕ್ಕದಲ್ಲಿ ನಿಂತ ವಾಹನ, ನೆಲದಡಿಯ ಕೊಳವೆ, ಮಾಡುವವರ ಜೇಬಿನಲ್ಲಿರುವ ಫೋನ್, ಇವೆಲ್ಲ ಆ ಹೊತ್ತಿನ ಅಳತೆಯೊಳಗೆ ಸೇರಿಕೊಂಡು, ಸರಿಯಾಗಿದ್ದ ಅಂಕಿಗಳನ್ನು ಅಳಿಸಿ ತಪ್ಪು ಅಂಕಿಗಳನ್ನು ಬರೆದುಬಿಡುತ್ತವೆ. ಒಳ್ಳೆಯ ಜಾಗದಲ್ಲಿ ಒಮ್ಮೆ ಮಾಡಿದ ಕ್ಯಾಲಿಬ್ರೇಷನ್ನನ್ನು ಕೆಟ್ಟ ಜಾಗದಲ್ಲಿ ಕಳೆದುಕೊಳ್ಳುವುದಕ್ಕಿಂತ, ಹೊಸ ಜಾಗದಲ್ಲಿ ಬರಿಯ ಪರಿಶೀಲನೆ ಸಾಕು: ಡ್ರೋನಿನ ಮೂತಿಯನ್ನು ಕಣ್ಣಿಗೆ ಕಾಣುವ ಒಂದು ರಸ್ತೆಯ ಅಥವಾ ಕಟ್ಟಡದ ಅಂಚಿನ ನೇರಕ್ಕೆ ಇಟ್ಟು, ಪರದೆಯ ಮೇಲಿನ ನಕ್ಷೆಯಲ್ಲೂ ಅದು ಅದೇ ನೇರಕ್ಕಿದೆಯೇ ಎಂದು ನೋಡಿ.

ಈಗ ನೆಲಕ್ಕೆ ಬಡಿದ ಕಾಲಿನ ವಿಚಾರ. ನನ್ನ ಮಟ್ಟಿಗೆ ಕಾಂಪಾಸಿನಷ್ಟೇ ಇದೂ ಗಂಭೀರವಾದದ್ದು, ಏಕೆಂದರೆ ಕಾರ್ಬನ್ ಕೊಳವೆಯ ತೋಳುಗಳಿಗೆ ಬಿದ್ದ ಪೆಟ್ಟು ಹೊರಗೆ ಬಿರುಕಾಗಿ ಕಾಣದೆ, ತೋಳು ತನ್ನ ಹಿಡಿಕೆಯೊಳಗೆ ಕೂದಲೆಳೆಯಷ್ಟು ತಿರುಗಿರುವ ರೂಪದಲ್ಲಿ ಉಳಿದುಕೊಳ್ಳುತ್ತದೆ. ಆಗ ಆ ತೋಳಿನ ಮೋಟಾರ್ ನೆಟ್ಟಗೆ ಮೇಲಕ್ಕೆ ಎಳೆಯದೆ ಸ್ವಲ್ಪ ಪಕ್ಕಕ್ಕೆ ಎಳೆಯುತ್ತದೆ, ಅದನ್ನು ಸರಿದೂಗಿಸಲು ಫ್ಲೈಟ್ ಕಂಟ್ರೋಲರ್ ಹಾರಾಟದುದ್ದಕ್ಕೂ ಹೆಣಗುತ್ತಿರುತ್ತದೆ. ಇದನ್ನು ಪತ್ತೆ ಹಚ್ಚುವುದು ಸುಲಭ. ಗಾಳಿ ಇಲ್ಲದ ಹೊತ್ತಿನಲ್ಲಿ ಒಂದೆಡೆ ನಿಲ್ಲಿಸಿದ ಹಾರಾಟದ ಲಾಗ್ ತೆಗೆದು ನಾಲ್ಕೂ ಮೋಟಾರ್‌ಗಳಿಗೆ ಹೋದ ಆದೇಶಗಳ ಸರಾಸರಿ ನೋಡಿ. ಆರ್ಡುಪೈಲಟ್‌ನ ಎಕ್ಸ್ ಆಕಾರದ ಚೌಕಟ್ಟಿನಲ್ಲಿ 1 ಮತ್ತು 2ನೇ ಮೋಟಾರ್‌ಗಳು ಒಂದು ದಿಕ್ಕಿಗೂ 3 ಮತ್ತು 4ನೆಯವು ಅದರ ವಿರುದ್ಧ ದಿಕ್ಕಿಗೂ ತಿರುಗುತ್ತವೆ. ಒಂದು ಜೋಡಿ ಸದಾ ಮೇಲೆ, ಇನ್ನೊಂದು ಸದಾ ಕೆಳಗೆ ಇದ್ದರೆ ಯಾವುದೋ ಮೋಟಾರ್ ಓರೆಯಾಗಿದೆ ಎಂದರ್ಥ. ಮುಂದಿನ ಎರಡು, ಅಂದರೆ 1 ಮತ್ತು 3, ಹಿಂದಿನ ಎರಡಕ್ಕಿಂತ ಹೆಚ್ಚು ದುಡಿಯುತ್ತಿದ್ದರೆ ಓರೆಯ ಮಾತಿಲ್ಲ, ಮುಂಭಾಗ ಭಾರವಾಗಿದೆ ಅಷ್ಟೆ. ಬ್ಯಾಟರಿಯನ್ನು ಇನ್ನೂ ಸ್ವಲ್ಪ ಹಿಂದಕ್ಕೆ ಸರಿಸಬೇಕು. ಹಾರಾಟ ಮುಗಿದ ಕೂಡಲೇ ನಾಲ್ಕೂ ಮೋಟಾರ್‌ಗಳನ್ನು ಬೆರಳಿನಿಂದ ಮುಟ್ಟಿ ನೋಡುವ ಅಭ್ಯಾಸವೂ ಒಳ್ಳೆಯದು, ಏಕೆಂದರೆ ಉಳಿದವುಗಳಿಗಿಂತ ಬಿಸಿಯಾದ ಒಂದು ಮೋಟಾರ್ ಹಲವು ಬಾರಿ ಲಾಗ್‌ಗಿಂತ ಮೊದಲೇ ಸುದ್ದಿ ಹೇಳುತ್ತದೆ.

ಕಂಪನದ ಕಡೆಗೂ ಗಮನ ಕೊಡಿ. ಲಾಗ್‌ನಲ್ಲಿ ಕಂಪನದ ಮಟ್ಟ ಮೂರು ಅಕ್ಷಗಳಲ್ಲೂ ಪ್ರತಿ ಸೆಕೆಂಡ್ ವರ್ಗಕ್ಕೆ 30 ಮೀಟರಿಗಿಂತ ಕೆಳಗಿದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ. 60 ದಾಟಿದರೆ ಎತ್ತರವನ್ನಾಗಲಿ ಸ್ಥಾನವನ್ನಾಗಲಿ ಹಿಡಿದು ನಿಲ್ಲುವುದರಲ್ಲಿ ತೊಂದರೆ ಬಂದೇ ಬರುತ್ತದೆ. ಕಂಪನ ಹೆಚ್ಚಾಗಿದ್ದರೆ ತಂತ್ರಾಂಶದ ಫಿಲ್ಟರುಗಳನ್ನು ಬಿಗಿಗೊಳಿಸುವ ಮುನ್ನ ಪ್ರೊಪೆಲ್ಲರನ್ನು ಕೈಗೆತ್ತಿಕೊಳ್ಳಿ. ಅದರ ಮುಂಚೂಣಿಯ ಅಂಚಿನ ಮೇಲೆ ಉಗುರನ್ನು ಬುಡದಿಂದ ತುದಿಯವರೆಗೆ ನಿಧಾನವಾಗಿ ಎಳೆದುಕೊಂಡು ಹೋದರೆ ಕಣ್ಣಿಗೆ ಕಾಣದ ಕಚ್ಚು ಉಗುರಿಗೆ ಸಿಗುತ್ತದೆ. ಕಾರ್ಬನ್ ಪದರ ಬಿಟ್ಟುಕೊಂಡಿರುವ ಜಾಗದಲ್ಲಿ ಬೆರಳಿನಿಂದ ತಟ್ಟಿದರೆ ಸದ್ದು ಮಂಕಾಗಿ ಬರುತ್ತದೆ. ಕಚ್ಚು ಬಿದ್ದ ಪ್ರೊಪೆಲ್ಲರಿಗೆ ಅಂಟು ಹಾಕಿ ಬಳಸುವುದನ್ನು ಈ ಗಾತ್ರದ ಡ್ರೋನಿನಲ್ಲಿ ಯಾವ ಕಾರಣಕ್ಕೂ ಮಾಡಬಾರದು. 15 ಇಂಚಿನ ರೆಕ್ಕೆಯ ತುಂಡು ಪೂರ್ಣ ವೇಗದಲ್ಲಿ ಹಾರಿಬಂದರೆ ಎದುರಿನವರಿಗೆ ದೊಡ್ಡ ಗಾಯವಾಗುತ್ತದೆ.

ಆಮೇಲೆ ಪ್ರೊಪೆಲ್ಲರ್ ಬಿಚ್ಚಿ ಮೋಟಾರನ್ನು ಕೈಯಿಂದ ತಿರುಗಿಸಿ. ಅಯಸ್ಕಾಂತಗಳ ತಡೆತಡೆದು ಬರುವ ಹಿಡಿತ ಸಹಜ, ಮರಳು ಅರೆದಂಥ ಅನುಭವ ಮಾತ್ರ ಬೇರಿಂಗ್ ಸವೆದಿರುವುದರ ಗುರುತು. ಮೋಟಾರಿನ ಹೊರಕವಚವನ್ನು ಹಿಡಿದು ಮೇಲೆ ಕೆಳಗೆ ಅಲುಗಿಸಿದಾಗ ಆಟ ಹೆಚ್ಚಾಗಿದ್ದರೆ ಅದೂ ಬದಲಾವಣೆಗೆ ಬಂದಿದೆ ಎಂದೇ ಲೆಕ್ಕ. ಧೂಳು ತೆಗೆಯಲು ಮೆತ್ತನೆಯ ಕುಂಚ ಸಾಕು. ಒತ್ತಡದ ಗಾಳಿ ಬಿಟ್ಟರೆ ಕಣಗಳು ಬೇರಿಂಗಿನೊಳಕ್ಕೇ ನುಗ್ಗುತ್ತವೆ. ಲೋಹಕ್ಕೆ ಲೋಹ ಕೂಡುವ ತಿರುಪುಗಳಿಗೆಲ್ಲ ಮಧ್ಯಮ ಬಲದ, ಅಂದರೆ ಬೇಕಾದಾಗ ಬಿಚ್ಚಲು ಬರುವಂಥ ತಿರುಪಿನ ಅಂಟು ಹಾಕಿ. ಪ್ಲಾಸ್ಟಿಕ್ ಭಾಗಗಳಿಗೆ ಮಾತ್ರ ಅದು ತಾಗದಿರಲಿ, ಕೆಲವು ಬಗೆಯ ಪ್ಲಾಸ್ಟಿಕ್ ಅದರಿಂದ ಬಿರುಕು ಬಿಡುತ್ತದೆ.

ನಾಲ್ಕನೆಯ ಉತ್ತರ

ಬ್ಯಾಟರಿಯ ಪ್ರಶ್ನೆಗೆ ಇನ್ನೂ ಯಾರೂ ಉತ್ತರಿಸಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ನಿಮ್ಮ ಪರದೆಯಲ್ಲಿ ಕಾಣುವ ಶೇಕಡಾವಾರು ಅಂಕಿ ಮತ್ತು ವೋಲ್ಟೇಜಿನ ಎಚ್ಚರಿಕೆ ಎರಡೂ ಬೇರೆ ಬೇರೆ ಮೂಲಗಳಿಂದ ಬರುತ್ತವೆ. ಶೇಕಡಾವಾರು ಅಂಕಿ ಕರೆಂಟ್ ಸಂವೇದಕ ಎಣಿಸಿದ ಬಳಕೆಯನ್ನು, ನೀವು ತಂತ್ರಾಂಶದಲ್ಲಿ ನಮೂದಿಸಿಟ್ಟ ಬ್ಯಾಟರಿ ಸಾಮರ್ಥ್ಯದಿಂದ ಕಳೆದು ಬಂದದ್ದು. ಎಚ್ಚರಿಕೆ ಆ ಕ್ಷಣದಲ್ಲಿ ತಂತಿಯ ತುದಿಯಲ್ಲಿ ನಿಜವಾಗಿ ಇರುವ ವೋಲ್ಟೇಜಿನಿಂದ ಬರುವಂಥದ್ದು. ಎರಡೂ ಹೊಂದಿಕೆಯಾಗದಿದ್ದಾಗ ಹಾರಾಟದ ನಡುವೆ ಯಾವುದನ್ನು ನಂಬಬೇಕೆಂದರೆ, ಯಾವುದು ಕೆಟ್ಟ ಸುದ್ದಿ ಹೇಳುತ್ತಿದೆಯೋ ಅದನ್ನೇ ನಂಬಿ ಇಳಿಸಿಬಿಡಿ. ಕಾರಣವನ್ನು ನೆಲದ ಮೇಲೆ ಹುಡುಕಬಹುದು.

ಕಾರಣಗಳು ಎರಡಿರಬಹುದು, ನಿಮ್ಮ ವಿಷಯದಲ್ಲಿ ಎರಡೂ ಇರುವ ಹಾಗೆ ತೋರುತ್ತದೆ. ಒಂದು, ಬ್ಯಾಟರಿಯ ಒಳರೋಧ. ಹೊಸದಾಗಿದ್ದಾಗ ಆರೂ ಸೆಲ್ ಸೇರಿ 18 ಮಿಲಿಓಮ್ ರೋಧವಿದ್ದ ಬ್ಯಾಟರಿಯಿಂದ 60 ಆಂಪಿಯರ್ ಎಳೆದರೆ 1.1 ವೋಲ್ಟಿನಷ್ಟು ಒಳಗೇ ನಷ್ಟವಾಗುತ್ತದೆ. ಅದೇ ಬ್ಯಾಟರಿ ಹಳತಾಗಿ ರೋಧ 45ಕ್ಕೆ ಏರಿದರೆ ನಷ್ಟ 2.7 ವೋಲ್ಟ್, ಅಂದರೆ ಒಂದೊಂದು ಸೆಲ್ಲಿಗೆ ಹತ್ತಿರಹತ್ತಿರ ಅರ್ಧ ವೋಲ್ಟ್. ಸುಮ್ಮನಿದ್ದಾಗ 3.75 ವೋಲ್ಟ್ ತೋರುವ ಸೆಲ್, ನೀವು ಮೇಲೇರಿಸಿದ ಕೂಡಲೇ 3.3ಕ್ಕೆ ಕುಸಿಯುತ್ತದೆ, ಎಚ್ಚರಿಕೆ ಕೂಗುತ್ತದೆ. ಚಳಿಯಲ್ಲಿ ಈ ರೋಧ ಇನ್ನಷ್ಟು ಏರುತ್ತದೆ. ತಣ್ಣಗಿರುವ ಬ್ಯಾಟರಿಯನ್ನು ಹಾರಾಟಕ್ಕೆ ಮುನ್ನ ಬೆಚ್ಚಗೆ ಇಟ್ಟುಕೊಳ್ಳುವುದು ಅದಕ್ಕೇ. ಈಗಿನ ಒಳ್ಳೆಯ ಚಾರ್ಜರುಗಳು ಪ್ರತಿ ಸೆಲ್ಲಿನ ರೋಧವನ್ನೂ ತೋರಿಸುತ್ತವೆ. ಪ್ರತಿ ಬ್ಯಾಟರಿಗೂ ಒಂದು ಸಂಖ್ಯೆ ಬರೆದಿಟ್ಟು, ಆಗಾಗ ಒಂದೇ ಬಗೆಯ ಉಷ್ಣತೆಯಲ್ಲಿ ಈ ಅಂಕಿಗಳನ್ನು ಗುರುತು ಹಾಕಿಕೊಳ್ಳಿ. ಆರರಲ್ಲಿ ಒಂದೇ ಸೆಲ್ ಉಳಿದವುಗಳಿಂದ ಬೇರೆಯಾಗಿ ಏರುತ್ತಿರುವುದು, ಎಲ್ಲವೂ ಒಟ್ಟಿಗೆ ಏರುವುದಕ್ಕಿಂತ ಅಪಾಯಕಾರಿ.

ಇನ್ನೊಂದು, ಕರೆಂಟ್ ಸಂವೇದಕದ ಕ್ಯಾಲಿಬ್ರೇಷನ್. ಡ್ರೋನಿನ ಕ್ಯಾಲಿಬ್ರೇಷನ್ ಎಂದರೆ ಕಾಂಪಾಸ್ ಎಂದಷ್ಟೇ ಬಹಳ ಜನ ಎಣಿಸುತ್ತಾರೆ, ಈ ಸಂವೇದಕದ ನೆನಪೇ ಯಾರಿಗೂ ಇರುವುದಿಲ್ಲ. ಪೂರ್ತಿ ತುಂಬಿದ ಬ್ಯಾಟರಿಯೊಂದಿಗೆ ಹಾರಿಸಿ, ಇಳಿಸಿದಾಗ ಎಷ್ಟು ಎಂಎಎಚ್ ಖರ್ಚಾಯಿತೆಂದು ಪರದೆ ಹೇಳುತ್ತದೋ ಬರೆದುಕೊಳ್ಳಿ; ಆಮೇಲೆ ಅದೇ ಬ್ಯಾಟರಿಯನ್ನು ಮತ್ತೆ ಪೂರ್ತಿ ತುಂಬಿಸುವಾಗ ಚಾರ್ಜರ್ ಎಷ್ಟು ತುಂಬಿತೆಂದು ನೋಡಿ. ಲಿಪೋ ಬ್ಯಾಟರಿಯಲ್ಲಿ ತೆಗೆದಷ್ಟೇ ತುಂಬಬೇಕಾಗುವುದರಿಂದ ಎರಡೂ ಅಂಕಿ ಹೆಚ್ಚುಕಡಿಮೆ ಒಂದೇ ಆಗಿರಬೇಕು. ಚಾರ್ಜರಿನ ಅಂಕಿ ದೊಡ್ಡದಾಗಿದ್ದರೆ ಸಂವೇದಕ ಕಡಿಮೆ ಎಣಿಸುತ್ತಿದೆ, ಪರದೆಯ ಮೇಲಿನ ಶೇಕಡಾ 30 ನಿಜದಲ್ಲಿ ಅದಕ್ಕಿಂತ ಎಷ್ಟೋ ಕಡಿಮೆ ಇದೆ. ವೋಲ್ಟೇಜನ್ನೂ ಒಂದು ಮಲ್ಟಿಮೀಟರಿನಿಂದ ತಾಳೆ ನೋಡಿಬಿಡಿ.

ಇಟ್ಟುಕೊಳ್ಳುವ ವಿಧಾನದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಸೆಲ್ಲಿಗೆ 4.2 ವೋಲ್ಟ್ ತುಂಬಿಸಿ ದಿನಗಟ್ಟಲೆ ಬಿಡಬೇಡಿ, ಕೆಲಸ ಮುಂದಕ್ಕೆ ಹೋದರೆ 3.8ರ ಆಸುಪಾಸಿಗೆ ಇಳಿಸಿಡಿ. ಸೊನ್ನೆ ಡಿಗ್ರಿಗಿಂತ ತಣ್ಣಗಿರುವಾಗ ಚಾರ್ಜ್ ಮಾಡಬೇಡಿ. ಉಬ್ಬಿದ ಬ್ಯಾಟರಿಯನ್ನು ಮತ್ತೆ ಹಾರಿಸಬೇಡಿ. ಕನೆಕ್ಟರಿನ ಚಿನ್ನದ ಬಣ್ಣದ ಕಡ್ಡಿಗಳಲ್ಲಿ ಕಿಡಿಯಿಂದಾದ ಕಪ್ಪು ಕುಳಿಗಳು ಕಂಡರೆ ಅಲ್ಲೂ ರೋಧ ಸೇರಿಕೊಳ್ಳುತ್ತಿದೆ ಎಂದು ತಿಳಿದು, ಕಿಡಿ ತಡೆಯುವ ಬಗೆಯ ಕನೆಕ್ಟರಿಗೆ ಬದಲಾಯಿಸಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಹೇಳಿದ ಪರೀಕ್ಷೆಗಳನ್ನು ಮಾಡಿ ನೋಡಿದೆ. ಮೂತಿ ಪೂರ್ವಕ್ಕೋ ಪಶ್ಚಿಮಕ್ಕೋ ಇದ್ದಾಗ ಡ್ರೋನ್ ಹೆಚ್ಚುಕಡಿಮೆ ನೆಟ್ಟಗೆ ನಿಲ್ಲುತ್ತದೆ, ಉತ್ತರಕ್ಕೋ ದಕ್ಷಿಣಕ್ಕೋ ತಿರುಗಿಸಿದರೆ ಸುತ್ತಲು ಶುರುವಾಗುತ್ತದೆ. ಲಾಗ್‌ನಲ್ಲಿ ಒಟ್ಟು ಕ್ಷೇತ್ರ ನೆಲದ ಮೇಲೆ 400 ಮಿಲಿಗಾಸ್ (ಅಂದರೆ 40 ಮೈಕ್ರೋಟೆಸ್ಲಾ), ಗಾಳಿಯಲ್ಲಿ ನಿಂತಾಗ 470, ಜೋರಾಗಿ ಮೇಲೇರಿಸಿದಾಗ 560. ಕರೆಂಟಿನ ಗೆರೆಯ ಏರಿಳಿತವೂ ಇದರ ಏರಿಳಿತವೂ ಒಂದಕ್ಕೊಂದು ತಾಳೆಯಾಗುತ್ತವೆ. ಬ್ಯಾಟರಿಯಿಂದ ಮುಂದಕ್ಕೆ ಬರುವ ಕೆಂಪು ತಂತಿ ಸರಿಯಾಗಿ ಕಂಬದ ಬುಡದಲ್ಲಿ ಹಾದಿದೆ, ಕಪ್ಪು ತಂತಿ ಅದರಿಂದ ನಾಲ್ಕು ಬೆರಳು ದೂರದಲ್ಲಿ ಫಲಕದ ಅಂಚಿನ ಮೂಲಕ ಹೋಗಿದೆ.

ಹಳೆಯ ಬ್ಯಾಟರಿಯ ಒಟ್ಟು ರೋಧ 52 ಮಿಲಿಓಮ್, ಹೊಸದರದು 22. ಪರದೆ 7900 ಎಂಎಎಚ್ ಖರ್ಚಾಗಿದೆ ಎಂದ ಹಾರಾಟದ ನಂತರ ಚಾರ್ಜರ್ 9100 ತುಂಬಿತು. ಕಂಪನ ಮೂರೂ ಅಕ್ಷಗಳಲ್ಲಿ 20ರ ಒಳಗಿದೆ. ಮೋಟಾರ್ ಆದೇಶಗಳ ಸರಾಸರಿಯನ್ನು ಇನ್ನೂ ನೋಡಿಲ್ಲ, ಪರೀಕ್ಷೆಯ ದಿನ ಗಾಳಿ ಇತ್ತು. ಇನ್ನು ಮುಂದೆ ಯಾವುದನ್ನು ಮೊದಲು, ಯಾವುದನ್ನು ನಂತರ ಮಾಡಬೇಕೆಂದು ತಿಳಿಸಿದರೆ ಆ ಕ್ರಮದಲ್ಲೇ ಮುಂದುವರಿಯುತ್ತೇನೆ.

ಮೊದಲ ಉತ್ತರ ಬರೆದವರಿಂದ

ನಿಮ್ಮ ಅಂಕಿಗಳು ಸ್ಪಷ್ಟವಾಗಿವೆ. ಹಿಂದಿನಿಂದ ಮುಂದಕ್ಕೆ ಸಾಗುವ ತಂತಿಯ ನೇರ ಮೇಲ್ಗಡೆ ಹುಟ್ಟುವ ಕ್ಷೇತ್ರ ಎಡಬಲ ದಿಕ್ಕಿನದು, ಅದರಿಂದ ಉತ್ತರ ದಕ್ಷಿಣಕ್ಕೆ ಮೂತಿಯಿದ್ದಾಗಲೇ ತಪ್ಪು ಹೆಚ್ಚಾಗಬೇಕು; ನೀವು ಕಂಡದ್ದೂ ಅದನ್ನೇ. ಗಾಳಿಯಿದ್ದಾಗ ವೃತ್ತ ಹಿಗ್ಗುವುದೂ ಇದಕ್ಕೆ ಹೊಂದುತ್ತದೆ, ಏಕೆಂದರೆ ಗಾಳಿಯ ಎದುರು ನಿಲ್ಲಲು ಹೆಚ್ಚು ಕರೆಂಟ್ ಬೇಕು.

ಮೊದಲು ತಂತಿಗಳನ್ನು ಸರಿಪಡಿಸಿ. ಕೆಂಪು ಕಪ್ಪು ಎರಡನ್ನೂ ಜಡೆಯಂತೆ ಹೊಸೆದು, ಕಂಬದಿಂದ ಸಾಧ್ಯವಾದಷ್ಟು ದೂರದ ಅಂಚಿನಲ್ಲಿ ತನ್ನಿ. ಕಂಬವನ್ನು ಇನ್ನಷ್ಟು ಎತ್ತರಿಸಲು ಸಾಧ್ಯವಿದ್ದರೆ ಅದನ್ನೂ ಮಾಡಿ, ಆದರೆ ಹಾರಾಟದಲ್ಲಿ ತೊನೆದಾಡುವಷ್ಟು ಸಪೂರವಾದ ಕಂಬ ಬೇಡ. ಎಲ್ಲ ಮುಗಿದ ಮೇಲೆ ಡಬ್ಬಿಯ ಮೇಲಿನ ಬಾಣದ ಗುರುತು ಮೂತಿಯ ನೇರಕ್ಕೆ ಇದೆಯೆಂದು ಖಚಿತಪಡಿಸಿಕೊಂಡು ತಿರುಪು ಬಿಗಿಮಾಡಿ.

ಆಮೇಲೆ, ಡ್ರೋನಿನ ವಾಲಿಕೆ ತಿಳಿಯಲು ನೆರವಾಗುವ ಆಕ್ಸೆಲರೋಮೀಟರಿನ ಕ್ಯಾಲಿಬ್ರೇಷನ್. ಕಾಲು ನೆಲಕ್ಕೆ ಬಡಿದಿರುವುದರಿಂದ ಇದು ಬೇಕೇ ಬೇಕು, ಮತ್ತು ಕಾಂಪಾಸಿನ ಓದನ್ನು ವಾಲಿಕೆಗೆ ತಕ್ಕಂತೆ ತಿದ್ದಿಕೊಳ್ಳುವುದು ಇದರ ಆಧಾರದ ಮೇಲೇ ಆದ್ದರಿಂದ ಕಾಂಪಾಸಿಗಿಂತ ಮೊದಲೇ ಆಗಬೇಕು. ಸಮತಟ್ಟು, ಎಡಬದಿ, ಬಲಬದಿ, ಮೂತಿ ಕೆಳಗೆ, ಮೂತಿ ಮೇಲೆ, ಬೆನ್ನ ಮೇಲೆ ಎಂಬ ಆರು ಭಂಗಿಗಳಲ್ಲಿ ಮೊದಲನೆಯದಕ್ಕೆ ಎಲ್ಲಕ್ಕಿಂತ ಹೆಚ್ಚು ಬೆಲೆ. ಅದಕ್ಕೆ ನೆಲವನ್ನು ನಂಬದೆ ರಸಮಟ್ಟ ಇಟ್ಟು ನೋಡಿ. ಉಳಿದ ಭಂಗಿಗಳಲ್ಲಿ ಡ್ರೋನ್ ಅಲುಗದೆ ಇರುವುದು ಮುಖ್ಯ, ಕೈಯಲ್ಲಿ ಹಿಡಿಯುವ ಬದಲು ಒಂದು ಗಟ್ಟಿಯಾದ ಪೆಟ್ಟಿಗೆಗೆ ಒರಗಿಸಿಡಿ.

ಇದಾದ ಮೇಲೆ, ಕಬ್ಬಿಣವೂ ವಾಹನವೂ ಇಲ್ಲದ ಬಯಲಿನಲ್ಲಿ, ಫೋನ್ ಮತ್ತು ಗಡಿಯಾರ ದೂರವಿಟ್ಟು ಕಾಂಪಾಸ್ ಕ್ಯಾಲಿಬ್ರೇಷನ್ ಮಾಡಿ. ಬಳಿಕ ಮೋಟಾರ್‌ಗಳ ಕರೆಂಟಿನಿಂದ ಉಳಿಯುವ ಪ್ರಭಾವವನ್ನು ಅಳೆಯುವ ವಿಧಾನ ಆರ್ಡುಪೈಲಟ್‌ನಲ್ಲೇ ಇದೆ. ಪ್ರೊಪೆಲ್ಲರುಗಳನ್ನು ತಲೆಕೆಳಗು ಮಾಡಿ, ಒಂದೊಂದು ಮೋಟಾರಿನಷ್ಟು ಸರಿಸಿ ಕೂರಿಸಿದರೆ ಡ್ರೋನ್ ಏಳುವ ಬದಲು ನೆಲಕ್ಕೆ ಒತ್ತಿಕೊಳ್ಳುತ್ತದೆ; ಆದರೂ ಅದನ್ನು ಬಲವಾಗಿ ಕಟ್ಟಿ, ದೂರ ನಿಂತೇ ಥ್ರಾಟಲ್ ಏರಿಸಬೇಕು. ಕೊನೆಗೆ ಬರುವ, ಒಟ್ಟು ಕ್ಷೇತ್ರಕ್ಕೆ ಹೋಲಿಸಿದ ಪ್ರಭಾವದ ಅಂಕಿ ಶೇಕಡಾ 30ರ ಒಳಗಿದ್ದರೆ ಒಪ್ಪಬಹುದು, 30ರಿಂದ 60 ಅನುಮಾನದ ವಲಯ, ಅದಕ್ಕೂ ಮೇಲಿದ್ದರೆ ಕಾಂಪಾಸಿನ ಜಾಗವನ್ನೇ ಬದಲಾಯಿಸಬೇಕು. ನಿಮ್ಮ ಹಳೆಯ ಲಾಗ್‌ನ 400ರಿಂದ 560ರ ಜಿಗಿತವೇ ಶೇಕಡಾ 40 ಆಗುತ್ತದೆ, ಆದ್ದರಿಂದ ತಂತಿ ಹೊಸೆಯದೆ ಈ ಅಳತೆಗೆ ಹೋಗುವುದು ವ್ಯರ್ಥ.

ಕರೆಂಟ್ ಸಂವೇದಕದ ಗುಣಾಂಕವನ್ನು ಈಗಿರುವುದರ 1.15 ಪಟ್ಟು ಮಾಡಿ. 9100ನ್ನು 7900ರಿಂದ ಭಾಗಿಸಿದರೆ ಬರುವುದು ಅದೇ. 52 ಮಿಲಿಓಮ್ ಬ್ಯಾಟರಿ 60 ಆಂಪಿಯರಿನಲ್ಲಿ 3 ವೋಲ್ಟಿಗೂ ಹೆಚ್ಚು ಕಳೆದುಕೊಳ್ಳುತ್ತದೆ. ಅದನ್ನು ನಕ್ಷೆಯ ಕೆಲಸದಿಂದ ಹೊರಗಿಟ್ಟು, ನೆಲದ ಮೇಲಿನ ಪರೀಕ್ಷೆಗಳಿಗೆ ಮಾತ್ರ ಬಳಸುವುದು ಮೇಲು.

ಎಲ್ಲ ಆದ ಮೇಲಿನ ಮೊದಲ ಹಾರಾಟದಲ್ಲಿ 3 ಮೀಟರಿಗಿಂತ ಮೇಲೆ ಹೋಗದೆ, ಮೂತಿಯನ್ನು ನಾಲ್ಕೂ ದಿಕ್ಕಿಗೆ ತಿರುಗಿಸಿ ನಿಲ್ಲಿಸಿ ನೋಡಿ. ಒಂದು ದಿಕ್ಕಿನಲ್ಲಾದರೂ ಸುತ್ತುವ ಸೂಚನೆ ಕಂಡರೆ ಜಿಪಿಎಸ್ ಬೇಡದ ಮೋಡ್‌ಗೆ ಬದಲಿಸಿ ಇಳಿಸಿ. ಆ ಮೋಡ್‌ನ ಸ್ವಿಚ್ ಯಾವುದೆಂದು ಏರಿಸುವ ಮುನ್ನವೇ ಬೆರಳಿಗೆ ಗೊತ್ತಿರಲಿ. ಗಾಳಿಯಿಲ್ಲದ ಬೆಳಗಿನ ಹೊತ್ತಿನಲ್ಲಿ ಇದನ್ನು ಮಾಡಿದರೆ ಮೂರನೆಯ ಉತ್ತರದಲ್ಲಿ ಕೇಳಿರುವ ಮೋಟಾರ್ ಸರಾಸರಿಯೂ ಅದೇ ಲಾಗ್‌ನಲ್ಲಿ ಸಿಗುತ್ತದೆ. ಆ ಲಾಗನ್ನು ಇಲ್ಲಿ ಹಾಕಿ, ತೋಳು ತಿರುಗಿದೆಯೇ ಇಲ್ಲವೇ ಎಂದು ನೋಡೋಣ.